ಅಯೋರ್ಟೊ-ಬೈಫೆಮೊರಲ್ ಬೈಪಾಸ್: ಕಾಲಿಗೆ ಐದು ಸ್ಟಾರ್, ಹೊಟ್ಟೆಗೆ ಎರಡು

ಇದು ಆಸ್ಪತ್ರೆಯ ರಿವ್ಯೂ ಅಲ್ಲ, ಹೊಟ್ಟೆಯ ದೊಡ್ಡ ರಕ್ತನಾಳದಿಂದ ಎರಡೂ ತೊಡೆಸಂದಿಗೆ ಕೊಳವೆ ಹಾಕಿ ಕಾಲಿಗೆ ರಕ್ತ ಹರಿಸುವ ಆಪರೇಷನ್ನಿನ ರಿವ್ಯೂ. ಆಸ್ಪತ್ರೆ ಯಾವುದು, ಡಾಕ್ಟರ್ ಯಾರು ಅಂತ ಕೇಳಬೇಡಿ, ಹೇಳುವುದಿಲ್ಲ. ಒಂದು ಮೊಬೈಲ್ ತಗೊಂಡವರು ಅದರ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ಹೊಟ್ಟೆ ಕೊಯ್ಸಿಕೊಂಡು ಬಂದವರು ಮಾತ್ರ "ಎಲ್ಲಾ ಚೆನ್ನಾಗಾಯ್ತು" ಅಂತ ಒಂದೇ ಸಾಲಲ್ಲಿ ಮುಗಿಸಿಬಿಡುತ್ತಾರೆ. ನಾನು ಹುಡುಕುತ್ತಿದ್ದಾಗ ನನಗೆ ಬೇಕಾದ ವಿವರ ಎಲ್ಲೂ ಸಿಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಇದು ಯಾರಿಗೆ ಅನ್ನೋದು. ಹೃದಯದಿಂದ ಹೊರಟ ದೊಡ್ಡ ರಕ್ತನಾಳಕ್ಕೆ ಡಾಕ್ಟರುಗಳು ಅಯೋರ್ಟಾ ಅನ್ನುತ್ತಾರೆ. ಅದು ಬೆನ್ನುಮೂಳೆಯ ಮುಂದೆ ಇಳಿದು ಬಂದು, ಹೆಚ್ಚುಕಡಿಮೆ ಹೊಕ್ಕುಳಿನ ಮಟ್ಟದಲ್ಲಿ ಎರಡಾಗಿ ಕವಲೊಡೆಯುತ್ತದೆ. ಆ ಕವಲುಗಳ ಹೆಸರು ಇಲಿಯಾಕ್. ಒಂದೊಂದು ಇಲಿಯಾಕ್ ನಾಳವೂ ಮತ್ತೆ ಎರಡಾಗುತ್ತದೆ. ಒಂದು ಕಿಬ್ಬೊಟ್ಟೆಯೊಳಗಿನ ಅಂಗಗಳಿಗೆ ಮತ್ತು ಕುಂಡಿಯ ಸ್ನಾಯುಗಳಿಗೆ ರಕ್ತ ಕೊಡುತ್ತದೆ, ಇನ್ನೊಂದು ತೊಡೆಸಂದು ದಾಟಿ ಕಾಲಿಗೆ ಹೋಗುತ್ತದೆ. ಈ ಜಾಗದಲ್ಲಿ ಕೊಬ್ಬು, ಸುಣ್ಣದಂಥ ಗಟ್ಟಿ ಪದಾರ್ಥ ಕೂತು ದಾರಿ ಮುಚ್ಚಿದರೆ ಕೆಳಗಿನ ಎಲ್ಲದಕ್ಕೂ ರಕ್ತ ಕಮ್ಮಿ. ಬೀಡಿ ಸಿಗರೇಟು ಸೇದುವವರಲ್ಲಿ ಜಾಸ್ತಿ. ಶುಗರ್, ಬಿಪಿ, ಕೊಲೆಸ್ಟರಾಲ್ ಇದ್ದರೆ ಅದಕ್ಕೆ ಇನ್ನಷ್ಟು ಸೇರುತ್ತದೆ.

ಲಕ್ಷಣ ಏನು ಅಂದರೆ, ನಡೆದರೆ ನೋವು, ನಿಂತರೆ ಹೋಗುತ್ತದೆ. ಕಾಲಿನ ನಾಳದಲ್ಲಿ ಬ್ಲಾಕ್ ಇದ್ದವರಿಗೆ ಮೀನಖಂಡದಲ್ಲಿ ಹಿಡಿಯುತ್ತದೆ. ನಮ್ಮಂಥವರಿಗೆ ಸೊಂಟದ ಕೆಳಗೆ, ಕುಂಡಿಯಲ್ಲಿ, ತೊಡೆಯಲ್ಲಿ ಹಿಡಿಯುತ್ತದೆ. ಅದಕ್ಕೇ ಎಷ್ಟೋ ಜನ ಬೆನ್ನುಮೂಳೆಯ ತೊಂದರೆ, ಸಯಾಟಿಕಾ ಅಂದುಕೊಂಡು ಮುಲಾಮು ಹಚ್ಚಿಕೊಂಡು ಕಾಲ ಕಳೆಯುತ್ತಾರೆ. ವ್ಯತ್ಯಾಸ ತಿಳಿಯುವ ಒಂದು ಸುಲಭ ದಾರಿ ಇದೆ. ಬೆನ್ನುಮೂಳೆಯಲ್ಲಿ ನರ ಒತ್ತಿದ್ದರೆ ಸಾಮಾನ್ಯವಾಗಿ ಕೂರಬೇಕು ಅಥವಾ ಮುಂದಕ್ಕೆ ಬಾಗಬೇಕು, ಆಗಲೇ ಸಮಾಧಾನ. ರಕ್ತನಾಳದ ನೋವಿಗೆ ಸುಮ್ನೆ ನಿಂತರೆ ಸಾಕು, ಕೆಲವೇ ನಿಮಿಷದಲ್ಲಿ ಹೋಗುತ್ತದೆ. ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಬರುತ್ತದೆ. ಎರಡೂ ತೊಡೆಸಂದಿನಲ್ಲಿ ನಾಡಿ ಸಿಗದಿರುವುದು, ನಡೆದಾಗ ಕುಂಡಿ ತೊಡೆ ನೋವು, ಗಂಡಸರಲ್ಲಿ ನಿಮಿರುವಿಕೆ ಹೋಗುವುದು, ಈ ಮೂರೂ ಒಟ್ಟಿಗೆ ಇದ್ದರೆ ಅದಕ್ಕೆ ಲೆರಿಶ್ ಸಿಂಡ್ರೋಮ್ ಅನ್ನುತ್ತಾರೆ. ಫ್ರಾನ್ಸಿನ ಸರ್ಜನ್ ರೆನೆ ಲೆರಿಶ್ 1940ರಲ್ಲಿ ಅದನ್ನು ವಿವರಿಸಿದ್ದರು.

ಪರೀಕ್ಷೆ ಕಷ್ಟವೇನಲ್ಲ. ಕಾಲಿನ ಹರಡಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸುತ್ತಾರೆ, ಅಷ್ಟೇ. 1ಕ್ಕಿಂತ ಸ್ವಲ್ಪ ಮೇಲಿದ್ದರೆ ಸರಿ, 0.9ಕ್ಕಿಂತ ಕೆಳಗೆ ಬಂದರೆ ಎಲ್ಲೋ ಬ್ಲಾಕ್ ಇದೆ ಎಂದರ್ಥ. ಆದರೆ ನೆನಪಿಡಿ, ಮೇಲಿನ ಭಾಗದಲ್ಲಿ ಬ್ಲಾಕ್ ಇದ್ದವರಿಗೆ ಮಲಗಿಸಿ ನೋಡಿದರೆ ಕೆಲವೊಮ್ಮೆ ಲೆಕ್ಕ ಸರಿಯಾಗೇ ಬರುತ್ತದೆ. ಟ್ರೆಡ್‌ಮಿಲ್ ಮೇಲೆ ನಡೆಸಿ ಮತ್ತೆ ನೋಡಿದಾಗಲೇ ಅದು ದಬಕ್ಕನೆ ಇಳಿಯುವುದು. ನಡೆಸದೇ "ಎಲ್ಲಾ ನಾರ್ಮಲ್" ಅಂತ ಕಳಿಸಿದರೆ ಇನ್ನೊಂದು ಕಡೆ ತೋರಿಸಿ. ಆಮೇಲೆ ಸಿಟಿ ಆಂಜಿಯೋ. ಅದರಲ್ಲಿ ರಕ್ತನಾಳಗಳ ನಕ್ಷೆ ಸಿಗುತ್ತದೆ.

ಈಗ ಸರ್ಜರಿಗೆ ಬರೋಣ. ನಿಮಗೆ ಕೊಡುವುದು ಪಾಲಿಯೆಸ್ಟರ್ ಬಟ್ಟೆಯ ಒಂದು ಕೊಳವೆ, ಇದಕ್ಕೇ ಗ್ರಾಫ್ಟ್ ಅನ್ನುವುದು. ಪುಟ್ಟ ಗೊಂಬೆಗೆ ಹೊಲಿದ ಪ್ಯಾಂಟಿನ ಹಾಗೆ ಕಾಣುತ್ತದೆ. ಸೊಂಟದ ಭಾಗ 16 ಅಥವಾ 18 ಮಿಲಿಮೀಟರ್ ಅಗಲ, ಕಾಲಿನ ಭಾಗ ಅದರ ಅರ್ಧ. ನಾಳ ಸಣ್ಣಗಿದ್ದವರಿಗೆ 14. ಕೆಲವರಿಗೆ ಪಿಟಿಎಫ್‌ಇ ಎಂಬ ಬೇರೆ ಪದಾರ್ಥದ್ದು ಹಾಕುತ್ತಾರೆ. ಸೊಂಟದ ಭಾಗವನ್ನು ಕಿಡ್ನಿಯ ನಾಳಗಳ ಕೆಳಗೆ ಅಯೋರ್ಟಾಕ್ಕೆ ಹೊಲಿಯುತ್ತಾರೆ. ಎರಡು ಕಾಲುಗಳನ್ನು ಹೊಟ್ಟೆಯ ಹಿಂಬದಿಯಿಂದ ಸುರಂಗದ ಥರ ದಾರಿ ಮಾಡಿ ಎಡ ಬಲ ತೊಡೆಸಂದಿಗೆ ಇಳಿಸಿ, ಅಲ್ಲಿನ ನಾಳಕ್ಕೆ ಹೊಲಿಯುತ್ತಾರೆ. ಹಳೆಯ ಬ್ಲಾಕ್ ಹಾಗೇ ಇರುತ್ತದೆ, ರಕ್ತ ಹೊಸ ದಾರಿ ಹಿಡಿಯುತ್ತದೆ. ಹೊಲಿಯುವ ಹೊತ್ತಿಗೆ ಅಯೋರ್ಟಾಕ್ಕೆ ಕ್ಲ್ಯಾಂಪ್ ಹಾಕಿ ರಕ್ತ ನಿಲ್ಲಿಸಿರುತ್ತಾರೆ. ಅದಕ್ಕೂ ಮೊದಲು ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡುತ್ತಾರೆ. ಕ್ಲ್ಯಾಂಪ್ ಬಿಡುವಾಗ ಬಿಪಿ ಇಳಿದುಬಿಡುವ ಭಯ ಇರುವುದರಿಂದ ಒಂದೊಂದೇ ಕಾಲಿಗೆ ರಕ್ತವನ್ನು ನಿಧಾನ ಬಿಡುತ್ತಾರಂತೆ. ಕೊನೆಯಲ್ಲಿ ಹೊಟ್ಟೆಯ ಹಿಂಪೊರೆಯನ್ನು ಗ್ರಾಫ್ಟ್ ಮೇಲೆ ಎಳೆದು ಮುಚ್ಚಿ ಹೊಲಿಯುತ್ತಾರೆ. ಕರುಳು ಬಟ್ಟೆಗೆ ತಾಗಬಾರದು ಅನ್ನುವುದಕ್ಕೆ. ಇದು ಯಾಕೆ ಮುಖ್ಯ ಅಂತ ಕಡೆಯಲ್ಲಿ ಹೇಳುತ್ತೇನೆ.

ಗ್ರಾಫ್ಟ್ ಹಾಕದೆ, ನಾಳವನ್ನೇ ತೆರೆದು ಒಳಗಿನ ಗಟ್ಟಿ ಪದರವನ್ನು ಸುಲಿದು ತೆಗೆಯುವ ವಿಧಾನವೂ ಇದೆ, ಅದು ಎಂಡಾರ್ಟರೆಕ್ಟಮಿ. ಲಿಸ್ಬನ್‌ನಲ್ಲಿ ಸಿದ್ ದೋಸ್ ಸಾಂತೋಸ್ ಎಂಬ ಸರ್ಜನ್ 1946ರಲ್ಲಿ ಶುರು ಮಾಡಿದ್ದು. ಬ್ಲಾಕ್ ಬಹಳ ಚಿಕ್ಕ ಜಾಗದಲ್ಲಿದ್ದರೆ ಇದು ಒಗ್ಗುತ್ತದೆ. ಹೊಟ್ಟೆಯೊಳಗೆ ಹೊರಗಿನ ವಸ್ತು ಬರುವುದಿಲ್ಲ ಅನ್ನುವುದೇ ಇದರ ಲಾಭ. ಈಗ ಮಾಡುವವರು ಕಮ್ಮಿ.

ಇತಿಹಾಸದ ಹುಚ್ಚು ಇರುವವರಿಗೆ ಒಂದು ವಿಷಯ. ಅಯೋರ್ಟಾದ ಕವಲನ್ನೇ ಮೊದಲ ಬಾರಿಗೆ ಬದಲಾಯಿಸಿದ್ದು 1950ರ ನವೆಂಬರ್‌ನಲ್ಲಿ, ಪ್ಯಾರಿಸ್‌ನಲ್ಲಿ, ಜಾಕ್ ಉದೋ ಎಂಬ ಸರ್ಜನ್. ಆಗ ಬಟ್ಟೆಯ ಗ್ರಾಫ್ಟ್ ಇರಲಿಲ್ಲ, ಸತ್ತವರ ದೇಹದಿಂದ ತೆಗೆದ ನಾಳ ಹಾಕಿದ್ದರು. ಅದೇ ವರ್ಷ ಜೂನ್‌ನಲ್ಲಿ ಅನ್ನಪೂರ್ಣಾ ಶಿಖರ ಹತ್ತಿದ ಫ್ರೆಂಚ್ ತಂಡ ಇತ್ತಲ್ಲ, ಅದರ ಡಾಕ್ಟರ್ ಇದೇ ಉದೋ. ಹಿಮದಲ್ಲಿ ಕೈಕಾಲು ಬೆರಳು ಸತ್ತುಹೋದವರನ್ನು ನೋಡಿಕೊಂಡು ಬಂದ ಮನುಷ್ಯ ಆರು ತಿಂಗಳೊಳಗೆ ಕಾಲಿಗೆ ರಕ್ತ ಹರಿಸುವ ಈ ಕೆಲಸಕ್ಕೆ ಕೈ ಹಾಕಿದ. ಬಟ್ಟೆ ಬಂದಿದ್ದು ಆಮೇಲೆ. ಅಮೆರಿಕದ ಸರ್ಜನ್ ಮೈಕೆಲ್ ಡಿಬೇಕಿ ಅಂಗಡಿಗೆ ನೈಲಾನ್ ತರಲು ಹೋಗಿ, ಅದು ಮುಗಿದಿತ್ತೆಂದು ಡೇಕ್ರಾನ್ ತಂದು, ಹೆಂಡತಿಯ ಹೊಲಿಗೆ ಮಷೀನಿನಲ್ಲೇ ಮೊದಲ ಕೊಳವೆಗಳನ್ನು ಹೊಲಿದರಂತೆ. ಡೇಕ್ರಾನ್ ಅಂದರೆ ಪಾಲಿಯೆಸ್ಟರೇ. ನನ್ನ ಹೊಟ್ಟೆಯಲ್ಲಿರುವುದೂ ಅದೇ ವಂಶದ್ದು.

ಸರಿ, ಅನುಭವಕ್ಕೆ ಬರೋಣ.

ಆಪರೇಷನ್ನಿಗೆ ಮುಂಚೆ ನಡೆಯುವ ಮಾತೆಲ್ಲ ಕಾಲಿನದು. ಎಷ್ಟು ದೂರ ನಡೆಯುತ್ತೀರಿ, ಪಾದ ತಣ್ಣಗಿದೆಯಾ, ಬೆರಳಲ್ಲಿ ಗಾಯ ಇದೆಯಾ. ಆಪರೇಷನ್ ಆದಮೇಲಿನ ಪಾಡೆಲ್ಲ ಹೊಟ್ಟೆ ಮತ್ತು ತೊಡೆಸಂದಿನದು. ನನ್ನ ದೂರು ಇದೊಂದೇ. ಕಾಲು ಆವತ್ತೇ ಸರಿಯಾಯಿತು. ಐಸಿಯುನಲ್ಲಿ ಎಚ್ಚರವಾದಾಗ ಪಾದ ಬೆಚ್ಚಗಿತ್ತು, ನರ್ಸ್ ಒಬ್ಬರು ಗಂಟೆಗೊಂದು ಸಲ ಡಾಪ್ಲರ್ ಎಂಬ ಸಣ್ಣ ಯಂತ್ರ ಇಟ್ಟು ರಕ್ತ ಹರಿಯುವ ಸದ್ದು ಕೇಳಿಸಿಕೊಂಡು ಹೋಗುತ್ತಿದ್ದರು. ವರ್ಷಗಳಿಂದ ತಣ್ಣಗಿದ್ದ ಪಾದ ಅದು. ಆದರೆ ಆ ಕಾಲಿನ ಮೇಲೆ ನಿಲ್ಲಲು ಹೊಟ್ಟೆ ಬಿಡಬೇಕಲ್ಲ!

ಎದೆಮೂಳೆಯ ಕೆಳಗಿನಿಂದ ಹೊಕ್ಕುಳು ಬಳಸಿ ಬಹಳ ಕೆಳಗಿನವರೆಗೆ ಕೊಯ್ದಿರುತ್ತಾರೆ. ಕೆಲವು ಸರ್ಜನ್‌ಗಳು ಎಡಪಕ್ಕೆಯಿಂದ ಹೋಗುತ್ತಾರೆ, ಅದರಲ್ಲಿ ಕರುಳನ್ನು ಅಷ್ಟು ಕದಲಿಸುವುದಿಲ್ಲ. ನಿಮ್ಮ ನಾಳದ ನಕ್ಷೆಗೆ ಅದು ಹೊಂದುತ್ತದೆಯೇ ಅಂತ ಕೇಳಿ ನೋಡಿ. ಬೆನ್ನಿಗೆ ಎಪಿಡ್ಯೂರಲ್, ಅಂದರೆ ನೋವಿನ ಮದ್ದು ಹರಿಸುವ ಸಣ್ಣ ನಳಿಕೆ, ಹಾಕಿದ್ದಷ್ಟು ದಿನ ನೋವು ತಡೆಯುವ ಹಾಗಿರುತ್ತದೆ. ಅದನ್ನು ತೆಗೆದ ದಿನ ನಿಜವಾದ ಲೆಕ್ಕ ಶುರು. ಕೆಮ್ಮಬೇಕು, ಕೆಮ್ಮದಿದ್ದರೆ ನ್ಯುಮೋನಿಯಾ, ಸೇದುತ್ತಿದ್ದವರಿಗಂತೂ ಖಂಡಿತ ಕಫ. ಕೆಮ್ಮಿದರೆ ಹೊಟ್ಟೆ ಬಿರಿದುಹೋದ ಹಾಗೆ ಆಗುತ್ತದೆ. ದಿಂಬನ್ನು ಹೊಟ್ಟೆಗೆ ಗಟ್ಟಿಯಾಗಿ ಅವುಚಿಕೊಂಡು ಕೆಮ್ಮುವುದನ್ನು ಫಿಸಿಯೋ ಬಂದವರು ಕಲಿಸಿದರು. ಆಪರೇಷನ್ನಿಗೆ ಮೊದಲೇ ಮನೆಯಲ್ಲಿ ಅಭ್ಯಾಸ ಮಾಡಿಸಬೇಕಾದ ಕೆಲಸ ಇದು. ಉಸಿರು ಒಳಗೆಳೆದು ಚೆಂಡು ಏರಿಸುವ ಆ ಪ್ಲಾಸ್ಟಿಕ್ ಆಟಿಕೆಯೂ ಅಷ್ಟೇ.

ಕರುಳು ಒಂದಷ್ಟು ದಿನ ಮುಷ್ಕರ ಹೂಡುತ್ತದೆ. ಹೊಟ್ಟೆ ಉಬ್ಬರ, ಮೂಗಲ್ಲಿ ಟ್ಯೂಬ್, ಬಾಯಿ ಒಣಗಿ ಕಟ್ಟಿಗೆ. ಬೆಳಿಗ್ಗೆ ಬಂದ ಡಾಕ್ಟರುಗಳೆಲ್ಲ ಮೊದಲು ಕೇಳುವುದು "ಗ್ಯಾಸ್ ಹೋಯಿತಾ?" ಅಂತ. ಹೋದ ದಿನ ವಾರ್ಡಿನಲ್ಲಿ ಸಣ್ಣ ಹಬ್ಬ. ಆಮೇಲೂ ಹಸಿವು ಬರುವುದಿಲ್ಲ. ವಾರಗಟ್ಟಲೆ ಬಾಯಿಗೆ ರುಚಿ ಇಲ್ಲ, ತೂಕ ಇಳಿಯುತ್ತದೆ, ಮಧ್ಯಾಹ್ನ ಆದರೆ ಮೈ ಸೋತು ಬೀಳುತ್ತದೆ. ಇದೆಲ್ಲ ಮಾಮೂಲಿ, ಆದರೆ ಮಾಮೂಲಿ ಅಂತ ಮೊದಲೇ ಹೇಳಿದ್ದರೆ ನನ್ನ ಹೆಂಡತಿ ಅಷ್ಟು ಗಾಬರಿಯಾಗುತ್ತಿರಲಿಲ್ಲ. "ಒಂದು ವಾರದಲ್ಲಿ ಮನೆಗೆ" ಅನ್ನುವ ಮಾತನ್ನು "ಒಂದು ವಾರದಲ್ಲಿ ಸರಿ" ಅಂತ ಕೇಳಿಸಿಕೊಳ್ಳುವುದು ಸಹಜ ಅಲ್ವಾ? ಮನೆಗೆ ಬರುವುದು ವಾರ ಹತ್ತು ದಿನ, ಮೊದಲಿನ ಮೈ ಬರುವುದು ಎರಡು ಮೂರು ತಿಂಗಳು. ಅಲ್ಲಿಯವರೆಗೆ ಭಾರ ಎತ್ತುವ ಹಾಗಿಲ್ಲ. ಎತ್ತಿದರೆ ಹೊಲಿಗೆಯ ಜಾಗದಲ್ಲಿ ಹರ್ನಿಯಾ.

ತೊಡೆಸಂದು. ಇದಕ್ಕೆ ಒಂದು ಪೂರ್ತಿ ಪ್ಯಾರಾ ಬೇಕು, ಯಾಕೆಂದರೆ ಮೂರು ಗಾಯಗಳಲ್ಲಿ ಹೆಚ್ಚು ಕಾಟ ಕೊಡುವವು ಈ ಎರಡು ಚಿಕ್ಕವು. ಮಡಿಕೆಯ ಜಾಗ, ಸದಾ ಬೆವರು, ಪಕ್ಕದಲ್ಲೇ ಮಲಮೂತ್ರದ ಜಾಗ, ಜೊತೆಗೆ ಅಲ್ಲಿ ದುಗ್ಧನಾಳಗಳು ತುಂಬಾ ಇವೆ, ಅವು ತುಂಡಾದರೆ ತಿಳಿನೀರು ಸೋರುತ್ತಲೇ ಇರುತ್ತದೆ. ನನಗೆ ಎಡಗಡೆ ಸೋರಿತು. ಡಿಸ್‌ಚಾರ್ಜ್ ಕಾಗದದಲ್ಲಿ ಇದ್ದಿದ್ದು "ಡ್ರೆಸ್ಸಿಂಗ್ ಮುಂದುವರಿಸಿ" ಅಂತ ಮಾತ್ರ, ಯಾವಾಗ ಗಾಬರಿಯಾಗಬೇಕು ಅಂತ ಒಂದು ಸಾಲಿಲ್ಲ. ಫೋನ್ ಮಾಡಿದರೆ ಒಬ್ಬರಿಂದ ಒಬ್ಬರಿಗೆ ಕೊಟ್ಟರು. ಕೊನೆಗೆ ಅನುಭವಿ ನರ್ಸ್ ಒಬ್ಬರು ಹೇಳಿದ್ದು ಇಷ್ಟು: ಮಡಿಕೆಯಲ್ಲಿ ಒಣ ಗಾಜ್ ಇಡಿ, ಒದ್ದೆಯಾದ ಕೂಡಲೇ ಬದಲಿಸಿ, ದಿನಕ್ಕೆ ಕೆಲವು ಸಲ ಕಾಲು ಚಾಚಿ ಮಲಗಿ ಗಾಳಿ ಆಡಲು ಬಿಡಿ, ಸೊಂಟ ಮಡಿಸಿ ತುಂಬಾ ಹೊತ್ತು ಕೂರಬೇಡಿ. ತಿಳಿನೀರಿಗೆ ಕಾಯಬಹುದು, ಆದರೆ ಡಾಕ್ಟರಿಗೆ ತಿಳಿಸಿ. ಕೀವು, ಜ್ವರ, ಕೆಂಪಾಗಿ ಬಿಸಿಯಾಗುವುದು, ರಕ್ತ, ಇವುಗಳಲ್ಲಿ ಯಾವುದು ಕಂಡರೂ ಆ ಕ್ಷಣವೇ ಹೊರಡಿ. ಯಾಕೆಂದರೆ ಗಾಯದ ಸೋಂಕು ಕೆಳಗಿನ ಗ್ರಾಫ್ಟ್‌ಗೆ ಇಳಿದರೆ ಅದು ಬೇರೆಯೇ ಮಟ್ಟದ ತೊಂದರೆ, ಬಟ್ಟೆಗೆ ಹತ್ತಿದ ಸೋಂಕಿಗೆ ಮಾತ್ರೆ ಸಾಲದೆ ಎಷ್ಟೋ ಸಲ ಗ್ರಾಫ್ಟನ್ನೇ ತೆಗೆಯಬೇಕಾಗುತ್ತದೆ. ಅಂಥದ್ದು ಆಗುವುದು ನೂರರಲ್ಲಿ ಒಂದರಿಂದ ಮೂರು ಜನಕ್ಕೆ. ತೊಡೆಯ ಮುಂಭಾಗ ಮರಗಟ್ಟಿದ ಹಾಗಿರುವುದು, ಸಂಜೆ ಹೊತ್ತಿಗೆ ಕಾಲು ಊದುವುದು ಕೂಡ ಇರುತ್ತದೆ. ಅವು ನಿಧಾನಕ್ಕೆ ಕಮ್ಮಿಯಾಗುತ್ತವೆ.

ಇನ್ನು ಯಾರೂ ಬಾಯಿ ಬಿಡದ ವಿಷಯ. ಲೈಂಗಿಕ ಜೀವನ. ಲೆರಿಶ್ ಹೇಳಿದ ಮೂರು ಲಕ್ಷಣಗಳಲ್ಲಿ ಒಂದು ಅದೇ ಆಗಿದ್ದರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವಾಗ ಅದನ್ನು ಗೊಣಗಿದ ಹಾಗೆ ಹೇಳಿ ಮುಂದೆ ಹೋದರು. ವಿಷಯ ಎರಡು ಬಗೆಯದು. ಒಂದು, ಕಿಬ್ಬೊಟ್ಟೆಗೆ ಹೋಗುವ ಒಳ ಇಲಿಯಾಕ್ ನಾಳಕ್ಕೆ ರಕ್ತ ಚೆನ್ನಾಗಿ ಹೋದರೆ ನಿಮಿರುವಿಕೆ ಸುಧಾರಿಸಬಹುದು, ಕಮ್ಮಿಯಾದರೆ ಕೆಡಬಹುದು. ಗ್ರಾಫ್ಟನ್ನು ಅಯೋರ್ಟಾದ ತುದಿಗೆ ತುದಿ ಸೇರಿಸಿ ಹೊಲಿಯಬೇಕೋ, ಪಕ್ಕಕ್ಕೆ ಹೊಲಿಯಬೇಕೋ ಎಂದು ತೀರ್ಮಾನಿಸುವಾಗ ಇದೂ ಲೆಕ್ಕಕ್ಕೆ ಬರುತ್ತದೆ. ತೊಡೆಸಂದಿನಿಂದ ರಕ್ತ ಮೇಲಕ್ಕೆ ಹಿಂತಿರುಗಿ ಕಿಬ್ಬೊಟ್ಟೆಗೆ ಹೋಗಲು ದಾರಿ ಇಲ್ಲದಿದ್ದರೆ ಪಕ್ಕಕ್ಕೆ ಹೊಲಿದು ಹಳೆಯ ಹರಿವನ್ನೂ ಉಳಿಸುತ್ತಾರೆ. ಎರಡು, ಅಯೋರ್ಟಾದ ಕವಲಿನ ಮೇಲೆ ಸಣ್ಣ ನರಗಳ ಬಲೆ ಹಾದುಹೋಗಿದೆ. ಅದಕ್ಕೆ ಪೆಟ್ಟಾದರೆ ವೀರ್ಯ ಹೊರಗೆ ಬರದೆ ಮೂತ್ರಚೀಲಕ್ಕೆ ಹೋಗುತ್ತದೆ. ಮೈಗೆ ಅಪಾಯ ಇಲ್ಲ, ಆದರೆ ಮಕ್ಕಳು ಬೇಕೆನ್ನುವವರಿಗೆ ದೊಡ್ಡ ವಿಷಯ. ಈ ಪ್ರಶ್ನೆಯನ್ನು ನೀವೇ ಎತ್ತಬೇಕು. ಮುಜುಗರ ಬಿಟ್ಟು ಕೇಳಿ, ಸರ್ಜನ್‌ಗೆ ಅದು ದಿನನಿತ್ಯದ ಮಾತು. ನನ್ನ ಮಟ್ಟಿಗೆ ಹೇಳಬೇಕಾದರೆ ಮುಂಚೆಗಿಂತ ವಾಸಿ, ಹಳೆಯ ಕಾಲದಷ್ಟಿಲ್ಲ. ಇದಕ್ಕೆ ಮೂರು ಸ್ಟಾರ್.

ಕಾಲಿಗೆ ಐದು ಸ್ಟಾರ್ ಕೊಟ್ಟಿದ್ದು ಸುಮ್ನೆ ಅಲ್ಲ. ಹೊಟ್ಟೆಯ ಗಾಯ ಮಾಗಿದ ಮೇಲೆ ನಡೆದಾಗ ಆ ಹಳೆಯ ಹಿಡಿತ ಬರಲೇ ಇಲ್ಲ. ನಿಲ್ಲಲು ನೆಪ ಹುಡುಕಿ ಅಂಗಡಿ ಬೋರ್ಡು ಓದುವ ನಾಟಕ ಇಲ್ಲ. ಏರು ದಾರಿ ಹತ್ತಬಹುದು. ಎದುರಿಗೆ ಬಂದವರ ಜೊತೆ ಮಾತಾಡುತ್ತಾ ನಡೆಯಬಹುದು, ಇದನ್ನು ಕಳೆದುಕೊಂಡವರಿಗೇ ಗೊತ್ತು ಇದರ ಬೆಲೆ.

ಬಾಳಿಕೆಯ ವಿಷಯಕ್ಕೆ ಬಂದರೆ ಈ ಸರ್ಜರಿಯನ್ನು ಮೀರಿಸುವುದು ಕಷ್ಟ. ಐದು ವರ್ಷದ ನಂತರವೂ 85ರಿಂದ 90 ಶೇಕಡಾ ಗ್ರಾಫ್ಟ್‌ಗಳು ತೆರೆದೇ ಇರುತ್ತವೆ, ಹತ್ತು ವರ್ಷಕ್ಕೂ ಮುಕ್ಕಾಲು ಪಾಲಿಗಿಂತ ಹೆಚ್ಚು. ನಾಳದೊಳಗೇ ಇಟ್ಟು ದಾರಿ ತೆರೆದಿಡುವ ಜಾಲರಿ ಕೊಳವೆ, ಅಂದರೆ ಸ್ಟೆಂಟಿನಲ್ಲಿ ಈ ಲೆಕ್ಕ ಕಮ್ಮಿ, ಮತ್ತೆ ಮುಚ್ಚಿಕೊಳ್ಳುವ ಸಾಧ್ಯತೆ ಜಾಸ್ತಿ. ಆದರೆ ಮುಚ್ಚಿದರೆ ಮತ್ತೆ ಬಲೂನ್ ಹಾಕಿ ತೆರೆಯಬಹುದು, ಹೊಟ್ಟೆ ಕೊಯ್ಯಬೇಕಾಗಿಲ್ಲ, ಒಂದೆರಡು ದಿನದಲ್ಲಿ ಮನೆ. ಆದ್ದರಿಂದ ಬ್ಲಾಕ್ ಚಿಕ್ಕದಿದ್ದರೆ ಸ್ಟೆಂಟೇ ಸರಿ, ಇದರಲ್ಲಿ ವಾದ ಬೇಡ. ಇತ್ತೀಚೆಗೆ ಉದ್ದದ ಬ್ಲಾಕ್‌ಗಳಿಗೂ ಬಟ್ಟೆ ಹೊದಿಸಿದ ಸ್ಟೆಂಟ್‌ಗಳನ್ನು ಜೋಡಿಸಿ ಕವಲನ್ನೇ ಒಳಗಿನಿಂದ ಕಟ್ಟುತ್ತಿದ್ದಾರೆ. ಹಾಗಾಗಿ ಓಪನ್ ಸರ್ಜರಿ ಈಗ ಅಯೋರ್ಟಾ ಪೂರ್ತಿ ಮುಚ್ಚಿದವರಿಗೆ, ಎರಡೂ ಕಡೆ ಉದ್ದಕ್ಕೆ ಬ್ಲಾಕ್ ಇದ್ದವರಿಗೆ, ಸ್ಟೆಂಟ್ ಹಾಕಿ ಸೋತವರಿಗೆ ಉಳಿದಿದೆ. ಅದರಿಂದ ಒಂದು ಫಜೀತಿಯೂ ಆಗಿದೆ: ಈ ಆಪರೇಷನ್ ಆಗಾಗ ಮಾಡುವ ಸರ್ಜನ್‌ಗಳ ಸಂಖ್ಯೆ ಇಳಿಯುತ್ತಿದೆ. "ವರ್ಷಕ್ಕೆ ಎಷ್ಟು ಮಾಡುತ್ತೀರಿ?" ಅಂತ ನೇರವಾಗಿ ಕೇಳಿ. ಒಳ್ಳೆಯ ಸರ್ಜನ್ ಸಿಟ್ಟಾಗುವುದಿಲ್ಲ. ಸಿಟ್ಟಾದರೆ ಅದೂ ಒಂದು ಉತ್ತರವೇ.

ಅಪಾಯ ಚಿಕ್ಕದಲ್ಲ. ಆಪರೇಷನ್ ಆದ ತಿಂಗಳೊಳಗೆ ಸಾಯುವವರು ನೂರಕ್ಕೆ ಎರಡರಿಂದ ನಾಲ್ಕು ಜನ, ಅದರಲ್ಲೂ ಹೃದಯದ ತೊಂದರೆಯಿಂದಲೇ ಜಾಸ್ತಿ. ಕಾಲಿನ ನಾಳ ಮುಚ್ಚಿದವರಿಗೆ ಹೃದಯದ ನಾಳವೂ ಸ್ವಚ್ಛ ಇರುವುದು ಕಮ್ಮಿ. ಕಿಡ್ನಿಗೆ ಪೆಟ್ಟು, ದೊಡ್ಡ ಕರುಳಿಗೆ ರಕ್ತ ಸಾಲದೆ ಹೋಗುವುದು, ಇವೂ ಪಟ್ಟಿಯಲ್ಲಿವೆ. ಹೃದಯ, ಶ್ವಾಸಕೋಶ ತೀರಾ ಸೋತವರಿಗೆ ಹೊಟ್ಟೆ ತೆರೆಯದೆ ಭುಜದ ಕೆಳಗಿನ ನಾಳದಿಂದ ಚರ್ಮದಡಿಯಲ್ಲೇ ಕೊಳವೆ ಇಳಿಸಿ ಎರಡೂ ತೊಡೆಗೆ ರಕ್ತ ಕೊಡುವ ಬೈಪಾಸ್ ಇದೆ. ಬಾಳಿಕೆ ಕಮ್ಮಿ, ಆದರೆ ಮೈಗೆ ಹಗುರ. ಬರೀ ನಡೆದಾಗಿನ ನೋವು ಮಾತ್ರ ಇದ್ದು, ಮಲಗಿದಾಗ ನೋವು, ಪಾದದಲ್ಲಿ ಮಾಗದ ಗಾಯ ಇಲ್ಲದವರು ಅವಸರ ಮಾಡಬೇಡಿ. ವಾರಕ್ಕೆ ಮೂರು ಸಲದಂತೆ ಮೂರು ತಿಂಗಳು, ಯಾರದ್ದಾದರೂ ಮೇಲ್ವಿಚಾರಣೆಯಲ್ಲಿ, ನೋವು ಬರುವವರೆಗೆ ನಡೆದು ನಿಂತು ಮತ್ತೆ ನಡೆಯುವ ಕಾರ್ಯಕ್ರಮ ಎಷ್ಟೋ ಜನಕ್ಕೆ ದೂರವನ್ನು ಒಳ್ಳೆಯ ಮಟ್ಟಿಗೆ ಹೆಚ್ಚಿಸುತ್ತದೆ. ಸಿಲೋಸ್ಟಜೋಲ್ ಎಂಬ ಮಾತ್ರೆಯೂ ಕೆಲವರಿಗೆ ಉಪಯೋಗ, ಹಾರ್ಟ್ ಫೇಲ್ಯೂರ್ ಇದ್ದವರು ಮಾತ್ರ ಮುಟ್ಟುವ ಹಾಗಿಲ್ಲ.

ವಾರಂಟಿ ಷರತ್ತುಗಳು. ಸಿಗರೇಟು ಬಿಡದವರಲ್ಲಿ ಗ್ರಾಫ್ಟ್ ಮುಚ್ಚಿಹೋಗುವ ಸಾಧ್ಯತೆ ಸುಮಾರು ಮೂರು ಪಟ್ಟು. ಬಿಟ್ಟರೆ ಆ ಅಪಾಯ ಇಳಿಯುತ್ತದೆ, ಎಷ್ಟು ವರ್ಷ ಸೇದಿದ್ದರೂ ಪರವಾಗಿಲ್ಲ. ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಅಥವಾ ಕ್ಲೋಪಿಡೊಗ್ರೆಲ್, ಜೊತೆಗೆ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್, ಜೀವನಪರ್ಯಂತ. ಕಾಲು ಸರಿಯಾಯಿತು ಅಂತ ಮಾತ್ರೆ ನಿಲ್ಲಿಸಿ ಗ್ರಾಫ್ಟಿನ ಒಂದು ಕಾಲು ಮುಚ್ಚಿಕೊಂಡು ವಾಪಸ್ ಬಂದವರನ್ನು ವಾರ್ಡಿನಲ್ಲೇ ನೋಡಿದೆ. ಇದ್ದಕ್ಕಿದ್ದ ಹಾಗೆ ಒಂದು ಕಾಲು ತಣ್ಣಗಾಗಿ, ಬಿಳಿಚಿ, ನೋಯಲು ಶುರುವಾದರೆ ಗಂಟೆಗಳ ಲೆಕ್ಕ, ಬೆಳಗಾಗಲಿ ಅಂತ ಕಾಯಬೇಡಿ. ತೊಡೆಸಂದಿನಲ್ಲಿ ಮಿಡಿಯುವ ಗಂಟು ಕಂಡರೆ ತೋರಿಸಿ, ಹೊಲಿಗೆಯ ಜಾಗ ವರ್ಷಗಳ ನಂತರ ಉಬ್ಬುವುದುಂಟು.

ಕರುಳು ಮತ್ತು ಗ್ರಾಫ್ಟ್ ನಡುವಿನ ಪೊರೆಯ ಬಗ್ಗೆ ಆಗಲೇ ಹೇಳಿದ್ದೆನಲ್ಲ. ಬಹಳ ಅಪರೂಪಕ್ಕೆ, ಹಲವು ವರ್ಷ ಆದಮೇಲೂ, ಗ್ರಾಫ್ಟ್ ಕರುಳನ್ನು ಕೊರೆದು ಅದರೊಳಕ್ಕೆ ರಕ್ತ ಸೋರಬಹುದು. ಮೊದಲು ಸ್ವಲ್ಪವೇ ಬಂದು ನಿಲ್ಲುತ್ತದೆ, ಆಮೇಲೆ ಒಮ್ಮೆಲೇ ಸುರಿಯುತ್ತದೆ. ಆದ್ದರಿಂದ ರಕ್ತವಾಂತಿಯಾದರೆ, ಮಲ ಡಾಂಬರಿನಂತೆ ಕಪ್ಪಾದರೆ ಅಲ್ಸರ್ ಇರಬಹುದು ಅಂತ ಮನೆಯಲ್ಲಿ ಕೂರುವ ಹಾಗಿಲ್ಲ. ತುರ್ತು ವಿಭಾಗಕ್ಕೆ ಹೋಗಿ, ಅಲ್ಲಿ ಯಾರೇ ಡ್ಯೂಟಿಯಲ್ಲಿದ್ದರೂ ಬಾಯಿ ತೆರೆದ ಮೊದಲ ವಾಕ್ಯದಲ್ಲೇ ಹೊಟ್ಟೆಯಲ್ಲಿ ಅಯೋರ್ಟಾ ಗ್ರಾಫ್ಟ್ ಇದೆ ಎಂದು ಹೇಳಿ. ಮನೆಯವರಿಗೂ ಇದನ್ನು ಹೇಳಿಕೊಟ್ಟಿರಿ, ಆಪರೇಷನ್ ಸಾರಾಂಶದ ಫೋಟೋ ಅವರ ಫೋನಿನಲ್ಲೂ ಇರಲಿ.